ಕಣ್ಣು ಮುಚ್ಚಿ ಆಡಿದ ಮಾತು

"ಈ ಬಣ್ಣ ಹಾಕಿದ ಮಹಾನುಭಾವ ಯಾರರಿ? ಸ್ವಲ್ಪ ಹೊರಗ ಬರ್ರಿ!"

ಬನಹಟ್ಟಿಯ ಜಕ್ಕಪ್ಪನ ಬಣ್ಣದ ಮನೆಯ ಬಾಗಿಲಲ್ಲಿ ನಿಂತು ಸಲೋಮಿ ಕೂಗಿದ ಕೂಗಿಗೆ ಪಕ್ಕದ ಮನೆಯ ಮಗ್ಗವೇ ಒಂದು ಗಳಿಗೆ ಸುಮ್ಮನಾಯಿತು. ಅವಳ ಎರಡೂ ಕೈಯಲ್ಲಿ ಒದ್ದೆ ನೂಲಿನ ಲಡಿಗಳು. ಕೆಂಪು ಬಣ್ಣ ಸೋರಿ ಸೋರಿ ಸೀರೆಯ ನೆರಿಗೆಯೆಲ್ಲ ಗುಲಾಬಿಯಾಗಿತ್ತು. ಮೂಗಿನ ತುದಿಗೂ ಒಂದು ಹನಿ ಅಂಟಿತ್ತು. ಅದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಕಡಾಯಿಯ ಹಬೆಯೊಳಗಿಂದ ಎತ್ತರದ ತರುಣನೊಬ್ಬ ಹೊರಗೆ ಬಂದ. ಮೊಣಕೈವರೆಗೂ ನೀಲಿ. ಊರಿಗೆ ಹೊಸಬ.

"ನಾನರಿ," ಎಂದ ಮೆತ್ತಗೆ.

"ನೀವೇನು? ಛಲೋ ಆತು! ನೋಡ್ರಿಲ್ಲಿ... ಗಂಜಿಗೆ ಹಾಕಿದ ಕೂಡಲೇ ಅರ್ಧ ಬಣ್ಣ ನೀರಾಗ ಹೋತು. ಸಂಗಾಟ ಇದ್ದ ಬಿಳಿ ನೂಲೂ ಕೆಟ್ಟಿತು. ಸೋಮವಾರ ಮುಂಜಾನೆ ರಬಕವಿ ಅಂಗಡಿಗೆ ಸೀರಿ ಮುಟ್ಟಬೇಕು. ಬಣ್ಣ ಹಾಕಾಕ ಬರೂದಿಲ್ಲಂದ್ರ ಮನ್ಯಾಗ ಕುಂದರಬೇಕು, ಬ್ಯಾರೆದವರ ನೂಲ ಯಾಕ ಕೆಡಸ್ತೀರಿ?"

ಅವನು ಸಿಟ್ಟಿಗೇಳಲಿಲ್ಲ. ವಾದಕ್ಕೂ ನಿಲ್ಲಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದವನ ತುಟಿ ಮಾತ್ರ ಸ್ವಲ್ಪ ಅಲುಗಿತು.

"ನಗ್ತೀರೇನು?" ಸಲೋಮಿಯ ಕಣ್ಣುಗಳು ಅಗಲವಾದವು.

"ಇಲ್ರಿ... ಇಪ್ಪತ್ತು ಲಡಿ ಅಲ್ಲೇನ್ರಿ? ನಾಳೆ ಹೊತ್ತೇರೂದರಾಗ ಹೊಸ ನೂಲಿಗೆ ಬಣ್ಣ ಹಾಕಿ ಕೊಡ್ತೀನಿ. ಮತ್ತ..."

"ಮತ್ತೇನು?"

"ಮೂಗು ಒರಸ್ಕೋರಿ."

ಸಲೋಮಿ ಒರೆಸಿಕೊಂಡಳು. ಕೈಯೂ ಕೆಂಪಾಗಿತ್ತಲ್ಲ, ಇಡೀ ಮೂಗು ಕೆಂಪಾಯಿತು! ಅಲ್ಲಿಂದ ಅವಳು ಮನೆ ಸೇರಿದ್ದು ನಡಿಗೆಯೋ ಓಟವೋ ಅವಳಿಗೇ ತಿಳಿಯಲಿಲ್ಲ. ದಾರಿಯುದ್ದಕ್ಕೂ ಬೈದುಕೊಂಡಳು. 'ಎಂಥಾ ಮನಷ್ಯಾ! ತಪ್ಪು ಮಾಡಿ ಮ್ಯಾಲೆ ನಗ್ತಾನ...' ಆದರೆ ಆ ನಗುವಿನಲ್ಲಿ ಹಂಗಿಸುವ ಗುಣ ಇರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ಸಂಸ್ಥಾನಗಳೆಲ್ಲ ಕರಗಿ ಈ ಸೀಮೆ ಮುಂಬಯಿ ರಾಜ್ಯಕ್ಕೆ ಸೇರಿ ಆಗ ನಾಲ್ಕೈದು ವರ್ಷವಾಗಿತ್ತು. ನೇಕಾರರ ಆ ಓಣಿಯಲ್ಲಿ ನಾಲ್ಕೇ ನಾಲ್ಕು ಕ್ರೈಸ್ತ ಮನೆಗಳು. ಮಿಕ್ಕವರ ಮಗ್ಗಕ್ಕೆ ಅಮಾವಾಸ್ಯೆಗೆ ರಜೆ, ಇವರ ಮಗ್ಗಕ್ಕೆ ಭಾನುವಾರ. ಚರ್ಚು ಇರಲಿಲ್ಲ. ಭಾನುವಾರ ಇಳಿಹೊತ್ತಿಗೆ ನಾಲ್ಕೂ ಮನೆಯವರು ಸಲೋಮಿಯ ಮನೆಯ ಪಡಸಾಲೆಯಲ್ಲಿ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಮುಧೋಳದಿಂದ ನಾಮದೇವ ಉಪದೇಶಿಗಳು ಬಸ್ಸು ಸಿಕ್ಕರೆ ಬಸ್ಸಿಗೆ, ಇಲ್ಲದಿದ್ದರೆ ಸೈಕಲ್ಲಿಗೆ ಬಂದು ವಾಕ್ಯ ಓದುತ್ತಿದ್ದರು.

ಹಾಡು, ವಾಕ್ಯ ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿ ಒಬ್ಬೊಬ್ಬರಾಗಿ ತಮ್ಮ ಮನಸ್ಸಿನ ಮಾತಿನಲ್ಲೇ ಪ್ರಾರ್ಥಿಸಬೇಕು. ಇಲ್ಲೇ ಇತ್ತು ಮಜಾ!

ಸಲೋಮಿಯ ಅಜ್ಜಿ ಲಗಮವ್ವನಿಗೆ ಎಪ್ಪತ್ತು ವರ್ಷ, ದೇವರೊಂದಿಗೆ ಬಹಳ ಸಲಿಗೆ. ಮನೆಯವರಿಗೆ ನೇರವಾಗಿ ಹೇಳಲಾಗದ್ದನ್ನೆಲ್ಲ ಅವಳು ದೇವರಿಗೆ ಹೇಳುತ್ತಿದ್ದಳು, ಎಲ್ಲರಿಗೂ ಕೇಳುವ ಹಾಗೆ.

"ಕರ್ತನೇ, ಈ ಮನ್ಯಾಗ ಒಬ್ಬಾಂವ ಐತವಾರ ಸೈತ ಮಗ್ಗದ ಕಡೆ ಹಣಕಿ ಹಾಕ್ತಾನ. ಅವನ ಹೆಸರು ನಿನಗ ಗೊತ್ತೈತಿ."

ಆಗ ಸಲೋಮಿಯ ಅಪ್ಪ ಸಮುವೇಲಪ್ಪ ಕೆಮ್ಮುತ್ತಿದ್ದ.

"ಮುಂಬಯಿ ಸರಕಾರದವರು ದಾರೂಬಂದಿ ಮಾಡಿದ್ದಕ್ಕ ನಿನಗ ಸ್ತೋತ್ರ. ಆದರ ಕೆಲವರು ಸಂಜಿಮುಂದ ಹೊಳಿ ದಾಟಿ ಎಲ್ಲಿ ಹೋಗಿ ಬರ್ತಾರ ಅನ್ನೂದು ನಿನ್ನ ಕಣ್ಣಿಗೇನು ಮುಚ್ಚಿಲ್ಲ."

ಈಗ ಮೂರನೇ ಮನೆಯ ರಾಮಣ್ಣ ಕಾಕಾನ ಸರದಿ, ಕೆಮ್ಮಲು.

ಇದಕ್ಕೊಂದು ಕಾಯ್ದೆಯೂ ಇತ್ತು. ಪ್ರಾರ್ಥನೆಯಲ್ಲಿ ಆಡಿದ ಮಾತು ದೇವರಿಗೆ ಆಡಿದ್ದು. ಎದ್ದ ಮೇಲೆ ಅದಕ್ಕೆ ಯಾರೂ ಉತ್ತರ ಕೊಡುವಂತಿಲ್ಲ, ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ. ಏನಿದ್ದರೂ ಮುಂದಿನ ಭಾನುವಾರ, ಕಣ್ಣು ಮುಚ್ಚಿ! ಹಿಂದೊಮ್ಮೆ ಪ್ರಾರ್ಥನೆಯ ಮಾತಿಗೆ ಎರಡು ಮನೆಯವರು ಬೀದಿಯಲ್ಲಿ ಜಗಳಾಡಿದಾಗ ಲಗಮವ್ವನೇ ಈ ಕಾಯ್ದೆ ತಂದದ್ದು. ಅದರಿಂದ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಯಾರಿಗೆಂದು ಬೇರೆ ಹೇಳಬೇಕಾಗಿಲ್ಲ.

ಆ ಭಾನುವಾರ ಉಪದೇಶಿಗಳ ಹಿಂದೆ ಬಿಳಿ ಅಂಗಿ ತೊಟ್ಟ ಒಬ್ಬ ಹೊಸಬ ಒಳಗೆ ಬಂದ. ಅಂಗಿ ಎಷ್ಟು ಬಿಳಿಯೋ ಉಗುರು ಅಷ್ಟು ನೀಲಿ.

ಸಲೋಮಿಯ ಕೈ ತಾನಾಗಿ ಮೂಗಿಗೆ ಹೋಯಿತು. 'ಅಯ್ಯ! ಇಂವಾ ನಮ್ಮವನ?!'

"ಇವರು ತಿಮೋತಿ ಅಂತರಿ, ಗುಳೇದಗುಡ್ಡದವರು," ಎಂದರು ಉಪದೇಶಿಗಳು. "ಜಕ್ಕಪ್ಪನ ಬಣ್ಣದ ಮನ್ಯಾಗ ಕೆಲಸಕ್ಕ ಬಂದಾರ. ಇನ್ನ ಮ್ಯಾಲೆ ನಿಮ್ಮ ಸಂಗಾಟನ ಪ್ರಾರ್ಥನಾಕ್ಕ ಬರ್ತಾರ."

"ಛಲೋ ಆತಪಾ. ಹಂಗಾರ ಇವತ್ತ ನೀನ ಒಂದು ಪ್ರಾರ್ಥನಾ ಮಾಡು," ಎಂದಳು ಲಗಮವ್ವ.

ಎಲ್ಲರೂ ಕಣ್ಣು ಮುಚ್ಚಿದರು.

"ಕರ್ತನೇ," ತಿಮೋತಿ ಶುರುಮಾಡಿದ. "ಹೊಸ ಊರಾಗ ನನ್ನ ಜೋಡಿ ಯಾರೂ ಮಾತಾಡೂದಿಲ್ಲ ಅಂತ ಅಂಜಿದ್ನಿ. ಆದರ ಬಂದ ನಾಕು ದಿನದಾಗ ಒಬ್ಬರು ಬಣ್ಣದ ಮನಿತನಕ ಬಂದು ಮನಸ್ಸು ತುಂಬಿ ಮಾತಾಡಿದ್ರು. ಅದಕ್ಕ ಸ್ತೋತ್ರ. ಅಷ್ಟು ಮಾತಾಡಿದ ಅವರ ಗಂಟಲಾ ಆರಾಮ ಇರಲಿ. ಆಮೆನ್."

ಸಲೋಮಿ ಸೆರಗಿನೊಳಗೆ ಹಲ್ಲು ಕಚ್ಚಿದಳು. ಕಣ್ಣು ಬಿಟ್ಟರೆ, ಅಜ್ಜಿ ಒಂದೇ ಕಣ್ಣು ತೆರೆದು ತನ್ನನ್ನೇ ನೋಡುತ್ತಿದ್ದಾಳೆ! ಉತ್ತರ ಕೊಡಬೇಕೆಂದರೆ ಕಾಯ್ದೆ ಅಡ್ಡ. ಇನ್ನು ಏಳು ದಿನ ಕಾಯಬೇಕು.

ಆದರೆ ಏಳು ದಿನ ಕಾಯುವಷ್ಟರಲ್ಲಿ ಬೇರೆಯೇ ಸಂಗತಿ ತಿಳಿಯಿತು. ಬುಧವಾರ ನೂಲು ತರಲು ಹೋದಾಗ ಮುದುಕ ಜಕ್ಕಪ್ಪ ಅವಳನ್ನು ಪಕ್ಕಕ್ಕೆ ಕರೆದ.

"ತಂಗಿ, ಅವತ್ತಿನ ಕೆಂಪು ನಾ ಹಾಕಿದ್ದವಾ. ಕಣ್ಣ ಮಂಜ ಆಗ್ಯಾವು, ಅಳತಿ ತಪ್ಪಿತು. ಈ ಹುಡುಗ ತನ್ನ ಮ್ಯಾಲೆ ಹಾಕ್ಕೊಂಡ. ಹೊರಗ ಗೊತ್ತಾದ್ರ ನನಗ ಯಾರೂ ನೂಲ ಕೊಡೂದಿಲ್ಲ ಅಂತ. ಸುಮ್ಮನಿರು ಅಂದಾನ, ಆದರ ನನಗ ರೊಟ್ಟಿ ಗಂಟಲಾಗ ಇಳಿವಲ್ದು."

ಸಲೋಮಿ ಮನೆಗೆ ಬಂದು ರಾಟೆಯ ಮುಂದೆ ಕೂತಳು. ನೂಲು ಮೂರು ಸಲ ಕಡಿಯಿತು. ಭಾನುವಾರ ಅವಳ ಪ್ರಾರ್ಥನೆ ಚಿಕ್ಕದಾಗಿತ್ತು.

"ಕರ್ತನೇ, ತಿಳಕೊಳ್ಳದ ಮಾತಾಡೂ ನಾಲಿಗಿ ನಂದು. ಕ್ಷಮಾ ಮಾಡು. ತಪ್ಪು ಮಾಡದನ ಬೈಸಿಕೊಂಡವರಿಗೂ ಕ್ಷಮಾ ಮಾಡೂ ಮನಸ ಕೊಡು. ಆದರ... ಮೂಗು ಕೆಂಪಾದವರನ್ನ ನೋಡಿ ನಗೂದು ಪಾಪ ಅಂತ ಅವರಿಗೆ ತಿಳಿಸು. ಆಮೆನ್."

"ಆಮೆನ್!" ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ತಿಮೋತಿ.

ಹೀಗೆ ಶುರುವಾಯಿತು ನೋಡಿ! ಮಿಕ್ಕವರಿಗೆ ಭಾನುವಾರಕ್ಕೊಮ್ಮೆ ಪ್ರಾರ್ಥನೆ. ಈ ಇಬ್ಬರಿಗೆ ಅದು ಪ್ರಾರ್ಥನೆಯೂ ಹೌದು, ಪತ್ರವೂ ಹೌದು. ಅವನು, ಒಣ ರೊಟ್ಟಿ ತಿಂದು ಬೇಸತ್ತವರ ಮೇಲೆ ಕರುಣೆಯಿರಲಿ ಎಂದು ಬೇಡಿದರೆ ಮರುದಿನ ಅಜ್ಜಿಯ ಕೈಯಲ್ಲಿ ಬಣ್ಣದ ಮನೆಗೆ ಬದನೆಕಾಯಿ ಪಲ್ಲೆ ಹೋಗುತ್ತಿತ್ತು. ಅವಳು ಅಪ್ಪನ ಬೆನ್ನುನೋವು ವಾಸಿಯಾಗಲೆಂದು ಬೇಡಿದರೆ ಮುಂದಿನ ಶನಿವಾರ ತಿಮೋತಿ ತಾನಾಗಿ ಬಂದು, ಸೀರೆ ಮುಗಿಯುವವರೆಗೂ ಅಪ್ಪನ ಜಾಗದಲ್ಲಿ ಮಗ್ಗಕ್ಕೆ ಕೂತ. ಸೋಮವಾರದ ಸೀರೆ ಭಾನುವಾರ ಮಗ್ಗ ಮುಟ್ಟದೆಯೇ ಮುಗಿಯಿತು. ಸಲೋಮಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿ ಸುತ್ತಿ ಕೊಟ್ಟಳು. ಕೊಡುವಾಗ ಒಮ್ಮೆ ಬೆರಳಿಗೆ ಬೆರಳು ತಾಗಿತು.

ಆ ರಾತ್ರಿ ಹಾಸಿಗೆಯಲ್ಲಿ ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. 'ಕರ್ತನೇ... ಇದನ್ನ ಮಾತ್ರ ಗಟ್ಟಿಯಾಗಿ ಹೇಳಾಕ ಆಗೂದಿಲ್ಲ. ನೀನ ತಿಳಕೋ.'

ಮೂರು ತಿಂಗಳಾಯಿತು. ಒಂದು ದಿನ ನಾಮದೇವ ಉಪದೇಶಿಗಳು ನಗುನಗುತ್ತ ಬಂದರು.

"ಸಮುವೇಲಪ್ಪಾ, ಬೀಳಗಿ ದವಾಖಾನಿಯೊಳಗ ಕಂಪೌಂಡರ್ ಅದಾನ. ಪ್ರಭುದಾಸ ಅಂತ, ದೇವರಂಥಾ ಹುಡುಗ. ಸರಕಾರಿ ಪಗಾರ. ಮೊನ್ನೆ ಮುಧೋಳದ ಆರಾಧನಾಕ್ಕ ಬಂದಾಗ ನಿನ್ನ ಮಗಳನ್ನ ನೋಡ್ಯಾನ. ಕೊಡ್ತೀಯೇನು?"

ಸಮುವೇಲಪ್ಪನ ಮುಖ ಅರಳಿತು. ಆದರೆ ಅವನು ಒತ್ತಾಯ ಮಾಡುವ ತಂದೆಯಲ್ಲ. "ಸಲೂ, ನಿನ್ನ ಮನಸಿಗೆ ಬಂದ್ರ ಹೂಂ ಅನ್ನು, ಇಲ್ಲಂದ್ರ ಬ್ಯಾಡ. ಐತವಾರ ಪ್ರಾರ್ಥನಾ ಮಾಡಿ ಹೇಳು," ಎಂದ.

ಸಲೋಮಿಗೆ ಗಾಬರಿಯಾದರೂ ಒಳಗೊಳಗೆ ಒಂದು ಧೈರ್ಯವಿತ್ತು. ಸುದ್ದಿ ಬಣ್ಣದ ಮನೆಗೂ ಮುಟ್ಟಿದೆ. 'ಈ ಐತವಾರ ಅವರು ಏನರ ಹೇಳೇ ಹೇಳ್ತಾರ. ಹೇಳಾಕ ಬೇಕು!'

ಭಾನುವಾರ ಬಂತು. ತಿಮೋತಿಯ ಸರದಿಯೂ ಬಂತು. ಅವನ ದನಿ ಎಂದಿನಂತಿರಲಿಲ್ಲ, ನಡುಗುತ್ತಿತ್ತು.

"ಕರ್ತನೇ, ಗುಳೇದಗುಡ್ಡದಾಗಿರೂ ಎಲಿಸಾನ್ನ ಕಾಯಿ. ಆಕಿ ಸಲುವಾಗಿ ನಾ ಕೊಟ್ಟ ಮಾತು ನಿನಗ ಗೊತ್ತೈತಿ. ಎಂಥಾ ಕಷ್ಟ ಬಂದ್ರೂ ಆಕಿ ಕೈ ಬಿಡೂದಿಲ್ಲ ಅಂದೇನಿ. ಲಗೂನ ಆಕಿನ್ನ ಈ ಊರಿಗೆ ಕರಕೊಂಡು ಬಂದು ಸಂಸಾರ ಹೂಡೂ ಹಂಗ ಮಾಡು. ಇದನ್ನ... ಕೇಳಬೇಕಾದವರು ಕೇಳಿ ತಿಳಕೊಳ್ಳಲಿ. ಆಮೆನ್."

ಎಲಿಸಾ?!

ಸಲೋಮಿಗೆ ನೆಲವೇ ಕುಸಿದಂತಾಯಿತು. ಮಾತು ಕೊಟ್ಟಿದ್ದಾನೆ... ಕೈ ಬಿಡುವುದಿಲ್ಲವಂತೆ... ಕರೆದುಕೊಂಡು ಬರುತ್ತಾನಂತೆ! ಮೂರು ತಿಂಗಳು ತಾನು ಕಟ್ಟಿಕೊಂಡದ್ದೆಲ್ಲ ಒಬ್ಬಳೇ ಕಟ್ಟಿಕೊಂಡದ್ದೇ? 'ಕೇಳಬೇಕಾದವರು ಕೇಳಿ ತಿಳಕೊಳ್ಳಲಿ...' ನನಗೇ ಹೇಳಿದ್ದು. ಆಸೆ ಇಟ್ಟುಕೊಳ್ಳಬೇಡ ಎಂದು ದೇವರ ಮುಂದೆ ಕೂತು ಹೇಳಿಬಿಟ್ಟ!

ಯಾರು ಆ ಎಲಿಸಾ ಎಂದು ಒಂದೇ ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕೇಳುವಂತಿಲ್ಲವಲ್ಲ, ಕಾಯ್ದೆ!

"ಸಲೂ, ನೀನವಾ," ಎಂದ ಅಪ್ಪ.

ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು. ಬಿಸಿ ಕಣ್ಣೀರು ಕೆನ್ನೆಗಿಳಿಯಿತು.

"ಕರ್ತನೇ... ಬೀಳಗಿಯವರ ಮಾತು ಬಂದೈತಿ. ನನ್ನದೇನೂ ಇಲ್ಲ. ನಿನ್ನ ಚಿತ್ತ ಇದ್ದಂಗ ಆಗಲಿ. ಆಮೆನ್."

"ಆಮೆನ್! ಸ್ತೋತ್ರ!" ಸಮುವೇಲಪ್ಪನ ದನಿಯಲ್ಲಿ ಹಿಗ್ಗು ತುಳುಕಿತು. ಉಪದೇಶಿಗಳೂ ಆಮೆನ್ ಎಂದರು. ತಿಮೋತಿಯ ಬಾಯಿಂದ ಮಾತ್ರ ಆಮೆನ್ ಬರಲಿಲ್ಲ. ಅವನು ಚಹಾ ಕೂಡ ಕುಡಿಯದೆ ಎದ್ದು ಹೋದ.

ಮುಂದಿನ ಸೋಮವಾರ ಮುಂಜಾನೆಯ ಬಸ್ಸಿಗೆ ಉಪದೇಶಿಗಳು ಬೀಳಗಿಗೆ ಹೋಗಿ ಒಪ್ಪಿಗೆ ತಿಳಿಸಿ ಬರುವುದೆಂದು ನಿರ್ಧಾರವಾಯಿತು. ನಡುವೆ ಉಳಿದದ್ದು ಒಂದೇ ವಾರ.

ಆ ವಾರ ಸಲೋಮಿ ಪಲ್ಲೆಗೆ ಎರಡು ಸಲ ಉಪ್ಪು ಹಾಕಿದಳು, ಚಹಾಕ್ಕೆ ಒಮ್ಮೆ. ಸಮುವೇಲಪ್ಪ ಅದನ್ನೂ ಕುಡಿದ. ಮಗಳು ಮನೆ ಬಿಟ್ಟು ಹೋಗುವ ದುಃಖ ಎಂದುಕೊಂಡ. ಲಗಮವ್ವ ಮಾತ್ರ ಮೊಮ್ಮಗಳ ಬೆನ್ನ ಹಿಂದೆಯೇ ಸುತ್ತಾಡಿದಳು. ಕೇಳುವುದಕ್ಕೆ ನಾಲಿಗೆ ತುರಿಸುತ್ತಿತ್ತು. ತಾನೇ ಮಾಡಿದ ಕಾಯ್ದೆ ಈಗ ತನ್ನ ಕೊರಳಿಗೇ ಬಂದಿತ್ತು.

"ಆಯಿ, ಪ್ರಾರ್ಥನಾದಾಗ ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರ್ತದೇನು?" ಶನಿವಾರ ಸಲೋಮಿಯೇ ಅಜ್ಜಿಯನ್ನು ಕೇಳಿದಳು.

"ದೇವರ ಮುಂದ ಆಡಿದ್ದನ್ನ ದೇವರ ಮುಂದನ ಸರಿ ಮಾಡಬೇಕವಾ. ನಾ ಆಗಲಿ ನಿಮ್ಮಪ್ಪ ಆಗಲಿ ಏನೂ ಮಾಡಾಕ ಬರೂದಿಲ್ಲ. ಯಾಕ ಕೇಳಿದಿ?"

"ಸುಮ್ನ," ಎಂದು ಸಲೋಮಿ ರಾಟೆ ತಿರುಗಿಸಿದಳು.

ತಿಮೋತಿ ಊರಲ್ಲಿರಲಿಲ್ಲ. ಗುಳೇದಗುಡ್ಡಕ್ಕೆ ಹೋಗಿದ್ದಾನೆ, ಒಬ್ಬರನ್ನು ಕರೆದುಕೊಂಡು ಬರುತ್ತಾನೆ ಎಂದು ಜಕ್ಕಪ್ಪ ಹೇಳಿದ್ದ. 'ಬರಲಿ. ನಾಳೆ ಆಕಿನ್ನ ಕಣ್ಣಾರೆ ನೋಡಿ ಕೈ ಮುಗದು ಬಿಡ್ತೀನಿ,' ಎಂದುಕೊಂಡಳು. ಎಲಿಸಾ ಹೇಗಿರಬಹುದು? ಬೆಳ್ಳಗೆ, ತೆಳ್ಳಗೆ, ಮೆಲ್ಲಗೆ ಮಾತಾಡುವವಳು. ಖಂಡಿತ ಅವಳ ಮೂಗಿಗೆ ಬಣ್ಣ ಅಂಟುವುದಿಲ್ಲ.

ಭಾನುವಾರ ಇಳಿಹೊತ್ತು. ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಬಾಗಿಲಲ್ಲಿ ನೆರಳು ಬಿತ್ತು. ಸಲೋಮಿ ಉಸಿರು ಬಿಗಿಹಿಡಿದು ತಲೆ ಎತ್ತಿದಳು.

ತಿಮೋತಿ ನಿಂತಿದ್ದ. ಅವನ ನೀಲಿ ಬೆರಳು ಹಿಡಿದುಕೊಂಡು ಐದು ವರ್ಷದ ಒಂದು ಕೂಸು! ಬೋಳಿಸಿ ಈಗಷ್ಟೇ ಚಿಗುರಿದ ತಲೆ, ದೊಡ್ಡ ಕಣ್ಣು, ಅವನ ಧೋತರದ ಹಿಂದೆ ಅರ್ಧ ಅಡಗಿಕೊಂಡಿತ್ತು.

"ಯಾರಪಾ ಇಕಿ?" ಎಂದಳು ಲಗಮವ್ವ.

"ಎಲಿಸಾ ರೀ, ಆಯಿ. ನಮ್ಮ ಅಕ್ಕನ ಮಗಳು. ಹೋದ ವರ್ಷ ಅಕ್ಕ ತೀರಿಕೊಂಡಳು, ಭಾವ ಅದಕ್ಕೂ ಮೊದಲ ಹೋಗಿದ್ರು. ಸಾಯೂ ಮುಂದ ಅಕ್ಕಗ ಮಾತು ಕೊಟ್ಟಿದ್ನಿ, ಕೂಸಿನ ಕೈ ಬಿಡೂದಿಲ್ಲ ಅಂತ. ಉಪದೇಶಿಗಳು ನಿಮಗೆಲ್ಲಾ ಹೇಳ್ಯಾರ ಅಂತ ತಿಳದಿದ್ನಿ..."

ಎಲ್ಲರೂ ಉಪದೇಶಿಗಳನ್ನು ನೋಡಿದರು. ಅವರು ಕನ್ನಡಕ ತೆಗೆದು ಒರೆಸಿದರು.

"ನಾ... ಹೇಳಿಲ್ಲೇನು? ಹೇಳಬೇಕಂತ ಮಾಡಿದ್ದೆ. ಅವತ್ತ ಸೈಕಲ್ ಪಂಕ್ಚರ್ ಆಗಿತ್ತ ನೋಡ್ರಿ..."

ಸಲೋಮಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಇಡೀ ವಾರ ಹೊಟ್ಟೆಕಿಚ್ಚು ಪಟ್ಟದ್ದು ಈ ಬೋಳು ತಲೆಯ ಸುಂದರಿಯ ಮೇಲೆ! ಮರುಗಳಿಗೆಗೆ ಅವಳಿಗೆ ಇನ್ನೊಂದು ಮಾತು ಹೊಳೆಯಿತು. ಎಲ್ಲರಿಗೂ ಗೊತ್ತಿದೆ ಎಂದುಕೊಂಡೇ ಅವನು ಅವತ್ತು ಪ್ರಾರ್ಥಿಸಿದ್ದ. ಸಂಸಾರ ಹೂಡಬೇಕು, ಕೇಳಬೇಕಾದವರು ತಿಳಿದುಕೊಳ್ಳಲಿ... ಅದು ಅವನ ಕೇಳಿಕೆ! ಈ ಕೂಸಿನೊಂದಿಗೆ ನನ್ನನ್ನು ಒಪ್ಪುತ್ತೀಯಾ ಎಂದು ಕೇಳಿದ್ದ. ಅದರ ಬೆನ್ನಿಗೇ ನಾನು ಬೀಳಗಿಗೆ ಹೂಂ ಅಂದೆ. ಕೂಸು ಬೇಡ ಅಂದಳು ಎಂದುಕೊಂಡಿರಬೇಕು... ದೇವರೇ!

ತಿಮೋತಿ ಅವಳ ಕಡೆ ನೋಡಲಿಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ತಗ್ಗಿಸಿದ್ದ.

ಹಾಡು ಮುಗಿಯಿತು. ವಾಕ್ಯವೂ ಮುಗಿಯಿತು. ಅವಳಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ನಾಳೆ ಮುಂಜಾನೆ ಬಸ್ಸು ಹೊರಡುತ್ತದೆ. ಈಗ ಬಾಯಿ ಬಿಡದಿದ್ದರೆ ಮುಗಿಯಿತು. ಆದರೆ ಇಷ್ಟು ಜನರ ನಡುವೆ, ಅಪ್ಪನ ಮುಂದೆ... ನಾಚಿಕೆಯಿಂದ ಸತ್ತೇ ಹೋಗುತ್ತೇನೆ! ಸುಮ್ಮನಿದ್ದರೆ? ಆಗ ಸುಳ್ಳು ಹೊತ್ತುಕೊಂಡು ಬದುಕಬೇಕು. ಅದೂ ದೇವರ ಹೆಸರಿನಲ್ಲಿ ಆಡಿದ ಸುಳ್ಳು.

ಯಾರೂ ಹೆಸರು ಕರೆಯುವ ಮೊದಲೇ ಅವಳು ಶುರುಮಾಡಿದಳು.

"ಕರ್ತನೇ..." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಹೋದ ವಾರ ಇದ ಜಾಗಾದಾಗ ಕುಂತು ನಿನ್ನ ಚಿತ್ತ ಇದ್ದಂಗ ಆಗಲಿ ಅಂದ್ನಿ. ಅದು ಸುಳ್ಳು. ಅದು ನಿನ್ನ ಚಿತ್ತ ಅಲ್ಲ, ನನ್ನ ಸಿಟ್ಟು. ನನ್ನ ಸಿಟ್ಟಿಗೆ ನಿನ್ನ ಹೆಸರು ಹಚ್ಚಿದ್ನಿ. ಕ್ಷಮಾ ಮಾಡು. ನಮ್ಮಪ್ಪಗ ಮೋಸ ಆತು. ಬೀಳಗಿಯ ಆ ಒಳ್ಳೆ ಮನಷ್ಯಾಗೂ ಮೋಸ ಆಗೂದಿತ್ತು."

ಈ ಸಲ ಸಮುವೇಲಪ್ಪ ಕೆಮ್ಮಲಿಲ್ಲ.

"ಒಂದು ಹೆಸರು ಕೇಳಿ ನಾನ ಒಂದು ಕತಿ ಕಟ್ಟಿಕೊಂಡ್ನಿ. ಅದು ಕೂಸಿನ ಹೆಸರಂತ ನನಗ ಗೊತ್ತಿರಲಿಲ್ಲ. ನಾನೂ ನಾಕು ವರ್ಷದಾಕಿ ಇದ್ದಾಗ ಅವ್ವನ್ನ ಕಳಕೊಂಡಾಕಿ. ಅವ್ವ ಇಲ್ಲದ ಕೂಸು ಬಾಗಿಲದಾಗ ನಿಂತು ಏನ ನೋಡ್ತದ ಅಂತ ನನಗ ಯಾರೂ ಹೇಳಬೇಕಾಗಿಲ್ಲ. ಅದು ನನಗ ಭಾರ ಅಲ್ಲ, ಕರ್ತನೇ. ಮತ್ತ... ಆ ಕೂಸಿನ ಕೈ ಹಿಡದು ಬಂದವರ ಹೊರತು ನನ್ನ ಮನಸಿನ್ಯಾಗ ಬ್ಯಾರೆ ಯಾರೂ ಇಲ್ಲ. ಇದ ಖರೆ. ಆಮೆನ್."

"ಆಮೆನ್," ಎಂದಿತು ಎಳೆಯ ದನಿ. ಎಲಿಸಾಳಿಗೆ ಆಮೆನ್ ಎಂದರೆ ತಿಂಡಿ ಬರುವ ಹೊತ್ತು.

ಬಳಿಕ ಸಮುವೇಲಪ್ಪ ಗಂಟಲು ಸರಿಮಾಡಿಕೊಂಡ. "ಕರ್ತನೇ, ಹೆಣ್ಣ ಹಡದವರ ಕಷ್ಟ ನಿನಗೇನು ಗೊತ್ತೋ ಇಲ್ಲೋ. ಈಕಿ ಹೂಂ ಅಂದ್ರ ಉಹೂಂ, ಸುಮ್ಮನಿದ್ರ ಮತ್ತೇನೋ. ನನ್ನ ಮಗಳು ಖರೆ ಹೇಳಿದಳು, ಅಷ್ಟ ಸಾಕು. ಈ ಹುಡುಗನೂ ನನಗ ಬ್ಯಾಡಾದಾಂವಲ್ಲ. ಆಮೆನ್."

ಉಪದೇಶಿಗಳು, ತಮ್ಮ ಮರೆವನ್ನು ಕ್ಷಮಿಸೆಂದೂ ಬೀಳಗಿಯ ಪ್ರಭುದಾಸನಿಗೆ ಲಗೂನೆ ಇನ್ನೊಂದು ಒಳ್ಳೆಯ ಕನ್ಯೆ ತೋರಿಸೆಂದೂ ಬೇಡಿ, ತಿಮೋತಿಯ ಸರದಿ ಬರುವ ಮೊದಲೇ ಪ್ರಾರ್ಥನೆ ಮುಗಿಸಿಬಿಟ್ಟರು.

ಎಲ್ಲರೂ ಕಣ್ಣು ಬಿಟ್ಟರು. ಆಗ ಬಂತು ನೋಡಿ ನಿಜವಾದ ಪೇಚು!

ಹೇಳುವುದೆಲ್ಲ ಪ್ರಾರ್ಥನೆಯಲ್ಲಿ ಹೇಳಿಯಾಗಿದೆ. ಕಾಯ್ದೆ ಪ್ರಕಾರ ಈಗ ಯಾರೂ ಆ ಬಗ್ಗೆ ತುಟಿ ಬಿಚ್ಚುವಂತಿಲ್ಲ! ತಿಮೋತಿಯಂತೂ ಬಾಯಿ ತೆರೆದ, ಲಗಮವ್ವನನ್ನು ನೋಡಿದ, ಮುಚ್ಚಿದ. ಚಹಾ ಬಂತು. ಎಲ್ಲರೂ ಸುಮ್ಮನೆ ಕುಡಿದರು. ರಾಮಣ್ಣ ಕಾಕಾ, ಈ ವರ್ಷ ಕಬ್ಬು ಛಲೋ ಐತಿ ಎಂದ. ಹೌದೆಂದರು ಉಪದೇಶಿಗಳು. ಸಲೋಮಿ ನೆಲದ ಸಗಣಿ ಸಾರಣೆಯನ್ನೇ ಹೊಸದಾಗಿ ನೋಡಿದವಳಂತೆ ನೋಡುತ್ತಿದ್ದಳು. ತಿಮೋತಿ ಖಾಲಿಯಾದ ಚಹಾದ ಬಸಿಯನ್ನೇ ಮತ್ತೆ ಮತ್ತೆ ತುಟಿಗೆ ಹಚ್ಚುತ್ತಿದ್ದ. ಇನ್ನು ಏಳು ದಿನ! ಹುಡುಗ ಬದುಕಿ ಉಳಿಯುವ ಲಕ್ಷಣವಿರಲಿಲ್ಲ.

ಲಗಮವ್ವ ಬಸಿ ಕೆಳಗಿಟ್ಟಳು. "ಸಾಕಾತವಾ! ಇಷ್ಟೊಂದು ಸಂಸ್ಥಾನ ಹೋದ್ವು, ರಾಜರು ಹೋದ್ರು, ಇನ್ನ ಈ ಮುದುಕಿ ಕಾಯ್ದೆ ಇದ್ದು ಏನ ಮಾಡೂದೈತಿ? ಇವತ್ತಿಂದ ರದ್ದು! ತಿಮೋತಿ, ನಿನ್ನ ಕೂಸಿಗೆ ನಾ ಬೆಲ್ಲ ರೊಟ್ಟಿ ಕೊಡ್ತೀನಿ. ನೀ ಹಿತ್ತಲಕ್ಕ ಹೋಗು. ಏ ಸಲೂ, ನೀನೂ ಹೋಗ."

"ಯವ್ವಾ, ಎಲ್ಲಾರ ಮುಂದನ...?" ಎಂದ ಸಮುವೇಲಪ್ಪ.

"ನೀ ಸುಮ್ಮನ ಚಹಾ ಕುಡಿ."

ಹಿತ್ತಲಲ್ಲಿ ಬಿದಿರು ಗಳುಗಳ ಮೇಲೆ ನೂಲು ಒಣಗುತ್ತಿತ್ತು. ಇಳಿಬಿಸಿಲು ಓರೆಯಾಗಿ ಬಿದ್ದಿತ್ತು. ಇಬ್ಬರೂ ನಾಲ್ಕು ಮಾರು ದೂರ ನಿಂತರು.

"ನೀವು ಹೇಳಿದ್ದು... ಖರೇನ್ರಿ?" ಎಂದ ತಿಮೋತಿ.

"ದೇವರ ಮುಂದ ಎರಡೆರಡು ಸಲ ಸುಳ್ಳು ಹೇಳೂ ಅಷ್ಟು ಧೈರ್ಯ ನನಗಿಲ್ರಿ."

ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. "ಗುಳೇದಗುಡ್ಡದಾಗ ಒಂದು ಕಡೆ ಮಾತು ಗಟ್ಟಿ ಆಗಿತ್ತು. ಕೂಸಿನ ಸುದ್ದಿ ತೆಗದ ಕೂಡಲೇ ಮುರದು ಹೋತು. ನೀವೂ ಹಂಗ ಅಂದ್ರೇನೋ ಅಂತ... ಈ ಏಳು ದಿನ ನಾ ಪಟ್ಟದ್ದು ಯಾರಿಗೂ ಬ್ಯಾಡರಿ."

"ಒಂದ ಮಾತು ಕೇಳಬಾರದಿತ್ತೇನು?"

"ನೀವು ಕೇಳಬಾರದಿತ್ತೇನು, ಎಲಿಸಾ ಯಾರಂತ?"

ಸಲೋಮಿ ತುಟಿ ಕಚ್ಚಿದಳು. "ಅಂಜಿದ್ನಿ. ನೀವು ಹೆಸರು ಹೇಳಿದ ದನಿಯೊಳಗ ಅಷ್ಟು ಪ್ರೀತಿ ಇತ್ತು."

"ಕೂಸಿಗೆ ಹತ್ತು ದಿನ ಜ್ವರ ಬಂದಿತ್ತರಿ. ತಲಿ ಬೋಳಿಸ್ಯಾರ ನೋಡ್ರಿ. ಅದಕ್ಕ ಹಂಗಾಗಿತ್ತು."

ಒಳಗೆ ಎಲಿಸಾ ಲಗಮವ್ವನಿಗೆ ಏನೋ ಗಟ್ಟಿಯಾಗಿ ಹೇಳುತ್ತಿತ್ತು. ಮಾಮಾನ ರೊಟ್ಟಿ ಕರ್ರಗಿರ್ತಾವ, ನಿಮ್ಮ ರೊಟ್ಟಿ ಬೆಳ್ಳಗದಾವ ಎಂಬುದಷ್ಟೇ ಹಿತ್ತಲಿಗೆ ಕೇಳಿಸಿತು. ಸಲೋಮಿ ಫಕ್ಕನೆ ನಕ್ಕಳು. ಆ ನಗುವಿನಿಂದ ತಿಮೋತಿಗೆ ಧೈರ್ಯ ಬಂತು. ಅವನು ಎರಡು ಹೆಜ್ಜೆ ಮುಂದೆ ಬಂದ. ಎರಡೂ ಕೈ ಜೋಡಿಸಿದ. ಮೂರು ತಿಂಗಳ ರೂಢಿ, ಕಣ್ಣೂ ಮುಚ್ಚಿಕೊಂಡ.

"ಸಲೋಮಿ... ನನ್ನ ಜೋಡಿ, ಎಲಿಸಾ ಜೋಡಿ..."

"ಕಣ್ಣು ತಗೀರಿ."

"ಆಂ?"

"ದೇವರಿಗೆ ಹೇಳೂದೆಲ್ಲಾ ಹೇಳಿ ಆತು. ಈಗ ನನ್ನ ಕೇಳ್ರಿ."

ತಿಮೋತಿ ಕಣ್ಣು ತೆರೆದ. ಮೊದಲ ಬಾರಿಗೆ ಅವನು ಅವಳ ಮುಖವನ್ನು ಹೀಗೆ, ಹೆದರದೆ, ಹತ್ತಿರದಿಂದ ನೋಡಿದ. ಅವಳೂ ನೋಟ ತಗ್ಗಿಸಲಿಲ್ಲ.

"ನನ್ನ ಲಗ್ನ ಆಗ್ತೀರೇನ್ರಿ?"

"ಆಗ್ತೀನಿ. ಆದರ ಈ ರೀ ಬ್ಯಾಡ. ಮನ್ಯಾಗ ನನಗ ಸಲೂ ಅಂತಾರ."

ಅವನ ಕಿವಿಯ ತುದಿ ಕೆಂಪಾಯಿತು.

"ಸಲೂ," ಎಂದ ಪಿಸುಮಾತಿನಲ್ಲಿ.

"ಕೇಳಸಲಿಲ್ಲ."

"ಸಲೂ!"

"ಹೂಂ," ಎಂದಳು ಅವಳು. "ಇನ್ನೊಮ್ಮೆ ಅನ್ರಿ."